ಎಡಕ್ಕೆ ಹೂಡುವ ಎತ್ತಿನ ದರ

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಯಲ್ಲಿ ಒಂದು ಕಿಲಾರಿ ಹೋರಿಗೆ ದರ ಕಟ್ಟುವುದನ್ನು ನಿಂತು ನೋಡಬೇಕು. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ: ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ. ಆಮೇಲೆ ಸುಳಿ, ಗೊರಸು, ಕೊಂಬಿನ ಬುಡ. ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಮತ್ತೆ ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತಾರೆ. ಇಷ್ಟೆಲ್ಲ ಆದಮೇಲೆ ಕೊಳ್ಳುವವನು ತನ್ನ ಎದೆಯ ಮೇಲೆ ಕೈ ಅಡ್ಡ ಇಟ್ಟು, ಮನೆಯಲ್ಲಿರುವ ಎತ್ತು ಇಷ್ಟು ಎತ್ತರ, ಅದು ಬಲಕ್ಕೆ ಹೂಡಿ ರೂಢಿಯಾದದ್ದು, ನನಗೆ ಬೇಕಾದದ್ದು ಎಡಕ್ಕೆ ಹೂಡುವಂಥದ್ದು ಅನ್ನುತ್ತಾನೆ. ಹೋರಿ ಎಷ್ಟೇ ಚೆಂದವಿರಲಿ, ಬಲಕ್ಕೆ ರೂಢಿಯಾದದ್ದಾದರೆ ಅವನ ಮಟ್ಟಿಗೆ ಅದರ ದರ ಅರ್ಧಕ್ಕೆ ಇಳಿದ ಹಾಗೆ. ಅದಾದಮೇಲೆಯೇ ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು.

ಅದೇ ಮನುಷ್ಯ ಸಂಜೆ ಚಾದಂಗಡಿಯ ಕಟ್ಟೆಗೆ ಬಂದು ಐಪಿಎಲ್ ಕ್ರಿಕೆಟ್ಟಿನ ಹರಟೆಗೆ ಕೂತರೆ ಮಾತು ಬೇರೆ. "ಇಪ್ಪತ್ತೊಂದ್ ಕೋಟಿ ತಗೊಂಡು ಏನ್ ಕಿಸದಾನ್ರೀ ಅಂವಾ?" ಹಲ್ಲು ಎಣಿಸುವುದಿಲ್ಲ, ನಡಿಗೆ ನೋಡುವುದಿಲ್ಲ, ಮನೆಯಲ್ಲಿ ಕಟ್ಟಿದ್ದು ಯಾವುದು ಎಂದು ಕೇಳುವುದಿಲ್ಲ. ನಿನ್ನೆಯ ಪಂದ್ಯದಲ್ಲಿ ಹೊಡೆದ ರನ್ನು ಒಂದು ಕೈಯಲ್ಲಿ, ಹರಾಜಿನ ದರ ಇನ್ನೊಂದು ಕೈಯಲ್ಲಿ, ಅಷ್ಟರಲ್ಲೇ ತೂಕ ಮುಗಿಯುತ್ತದೆ. ಎತ್ತಿಗೆ ಅರ್ಧ ದಿನ ಕೊಡುವ ಜನ ಆಟಗಾರನಿಗೆ ಅರ್ಧ ಚಾ ಮುಗಿಯುವಷ್ಟು ಹೊತ್ತೂ ಕೊಡುವುದಿಲ್ಲವಲ್ಲ ಎನ್ನುವುದು ಬಹಳ ದಿನದಿಂದ ತಲೆ ತಿನ್ನುತ್ತಿರುವ ವಿಷಯ. ನಮ್ಮ ಕಡೆ ಹರಾಜಿಗೆ ಸವಾಲು ಅನ್ನುತ್ತಾರೆ, ಬೆಳಗಾವಿ ಕಡೆ ಲಿಲಾವು. ಮಹಾಲಿಂಗಪುರದ ಬೆಲ್ಲದ ಪೇಟೆ ನೋಡಿದವರಿಗೆ ಸವಾಲಿನ ಒಳಸುಳಿ ಹೇಳಿಕೊಡಬೇಕಾದ್ದಿಲ್ಲ. ಗೊತ್ತಿದ್ದದ್ದನ್ನು ಟಿವಿ ಮುಂದೆ ಮರೆಯುತ್ತೇವೆ, ಅಷ್ಟೇ.

ಎರಡು ದಿನದ ಸವಾಲು

2024ರ ನವೆಂಬರ್ 24 ಮತ್ತು 25, ಸೌದಿಯ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ದೊಡ್ಡ ಹರಾಜು. ಆಟಗಾರರನ್ನು ಕೊಳ್ಳಲು ಪ್ರತಿ ತಂಡದ ಚೀಲದಲ್ಲಿ 120 ಕೋಟಿ. ಬೆಂಗಳೂರಿನ ಆರ್‌ಸಿಬಿ ಮೊದಲೇ ಮೂವರನ್ನು ಉಳಿಸಿಕೊಂಡಿತ್ತು: ವಿರಾಟ್ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಒಟ್ಟು 37 ಹೋಗಿ ಚೀಲದಲ್ಲಿ ಉಳಿದದ್ದು 83 ಕೋಟಿ. ಈ 21ರ ಬಗ್ಗೆಯೇ ಮೊದಲ ತಪ್ಪು ಲೆಕ್ಕ ನಡೆಯುತ್ತದೆ. ಉಳಿಸಿಕೊಳ್ಳುವ ಮೊದಲ ಆಟಗಾರನಿಗೆ 18, ಎರಡನೆಯವನಿಗೆ 14 ಎಂದು ಚೀಲದಿಂದ ಕಡಿತವಾಗುವುದು ಆ ಸಲದ ನಿಯಮ. ಆ 32 ಕೋಟಿಯನ್ನು ಇಬ್ಬರ ನಡುವೆ ಹೇಗೆ ಹಂಚುವುದೆಂಬುದು ತಂಡಕ್ಕೆ ಬಿಟ್ಟದ್ದು. 18 ಮತ್ತು 14 ಕೊಟ್ಟರೂ 32, 21 ಮತ್ತು 11 ಕೊಟ್ಟರೂ 32. ಕೊಹ್ಲಿಗೆ ಮೂರು ಕೋಟಿ ಹೆಚ್ಚು ಕೊಟ್ಟದ್ದರಿಂದ ಬೌಲರ್ ಕೊಳ್ಳಲು ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಕಟ್ಟೆಯ ಮೇಲೆ ಇದನ್ನು ಹೇಳಿದರೆ "ಹಂಗಾದ್ರ ಪಾಟೀದಾರಗ ಅನ್ಯಾಯ ಆತಲ್ಲ" ಅನ್ನುತ್ತಾರೆ. ಅದು ಬೇರೆ ಜಗಳ, ಅದರಲ್ಲಿ ಹುರುಳಿದೆ. ಆದರೆ "ಕೊಹ್ಲಿ ರೊಕ್ಕ ತಿಂದ, ಬೌಲಿಂಗ್ ಹಾಳಾತು" ಅನ್ನುವ ಜಗಳದಲ್ಲಿ ಇಲ್ಲ.

ಮೊದಲ ದಿನ ಮುಗಿದಾಗ ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಮೂರೂ ಜಿಲ್ಲೆಯಲ್ಲಿ ಸೂತಕ. ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಗೆ ಹೋದ, ಆರ್‌ಸಿಬಿ ಸ್ವಲ್ಪ ದೂರ ಬೆನ್ನು ಹತ್ತಿ ಕೈಬಿಟ್ಟಿತು. ಆರ್‌ಸಿಬಿಯ ಹಳೆಯ ಬೌಲರ್ ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ ಹೋದ, ಹಳೆಯ ಆಟಗಾರನನ್ನು ವಾಪಸ್ ಪಡೆಯುವ ಕಾರ್ಡ್ ಇದ್ದರೂ ತಂಡ ಬಳಸಲಿಲ್ಲ. ಕೈಗೆ ಬಂದವರು ಲಿವಿಂಗ್‌ಸ್ಟೋನ್ 8.75, ಸಾಲ್ಟ್ 11.50, ಜಿತೇಶ್ 11, ಹೇಜಲ್‌ವುಡ್ 12.50, ರಸಿಖ್ 6, ಸುಯಶ್ 2.60. ಆರು ಮಂದಿಗೆ 52.35 ಕೋಟಿ, ಉಳಿದದ್ದು 30.65. "ಜಿತೇಶಗ ಹನ್ನೊಂದ್ ಕೋಟಿ, ನಮ್ಮ ರಾಹುಲಗ ಹದಿನಾಕು ಕೊಡಾಕ ಆಗಲಿಲ್ಲಾ?" ಇದು ಆ ರಾತ್ರಿಯ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ, ಅದಕ್ಕೆ ಉತ್ತರ ಕೊಡೋಣ.

ದೆಹಲಿ 14ಕ್ಕೆ ನಿಂತಿತು ಎಂದರೆ ಅಲ್ಲಿಗೆ ಅದರ ಶಕ್ತಿ ಮುಗಿಯಿತು ಎಂದಲ್ಲ, ಎದುರು ಕೂಗುವವರು ಮುಗಿದರು ಎಂದು. ಆರ್‌ಸಿಬಿ 14.25 ಅಂದಿದ್ದರೆ ದೆಹಲಿ 14.50 ಅನ್ನುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹೋಗಲಿ, 14.25ಕ್ಕೇ ಸಿಕ್ಕ ಎಂದಿಟ್ಟುಕೊಳ್ಳಿ. ಕೀಪರ್ ಜಾಗಕ್ಕೆ ರಾಹುಲ್ ಬಂದರೆ ಜಿತೇಶ್ ಬೇಡ, ವ್ಯತ್ಯಾಸ 3.25 ಕೋಟಿ. ಎರಡನೇ ದಿನ ಟಿಮ್ ಡೇವಿಡ್ ಬಂದದ್ದು 3 ಕೋಟಿಗೆ. ಅಂದರೆ ರಾಹುಲ್ ಬೇಕೆಂದರೆ ಜಿತೇಶ್ ಜೊತೆಗೆ ಡೇವಿಡ್ಡನ್ನೂ ಬಿಡಬೇಕು. ಆರನೇ ಕ್ರಮಾಂಕದಲ್ಲಿ ಬಂದು ಹತ್ತು ಎಸೆತದಲ್ಲಿ ಪಂದ್ಯ ತಿರುಗಿಸುವವನು ಆಗ ಯಾರು? ಮನೆಯಲ್ಲಿ ಆಗಲೇ ಕೊಹ್ಲಿ ಇದ್ದಾನೆ, ಮೇಲಿನ ಕ್ರಮಾಂಕದಲ್ಲಿ ನಿಂತು ಆಡುವ ಬಲಕ್ಕೆ ಹೂಡುವ ಎತ್ತು. ರಾಹುಲ್ ಕೂಡ ಹೆಚ್ಚುಕಡಿಮೆ ಬಲಕ್ಕೇ. ತಂಡಕ್ಕೆ ಬೇಕಿದ್ದದ್ದು ಮೊದಲ ಓವರಿನಿಂದ ಕಣ್ಣು ಮುಚ್ಚಿ ಬೀಸುವ ಸಾಲ್ಟ್, ಕೆಳಗೆ ಬಂದು ಮುಗಿಸುವ ಜಿತೇಶ್. ರಾಹುಲ್ ಇವರಿಬ್ಬರಿಗಿಂತ ದೊಡ್ಡ ಬ್ಯಾಟರ್ ಎನ್ನುವುದರಲ್ಲಿ ಸಂಶಯವೇ ಇಲ್ಲ. ಸಂತೆಯಲ್ಲಿ ಎಲ್ಲರಿಗಿಂತ ಚೆಂದದ ಹೋರಿಯನ್ನು ಬಿಟ್ಟು ಮನೆಯ ಎತ್ತಿಗೆ ಜೋಡಿಯಾಗುವುದನ್ನು ಹೊಡೆದುಕೊಂಡು ಬಂದವನನ್ನು ನಾವು ಮೂರ್ಖ ಅನ್ನುವುದಿಲ್ಲವಲ್ಲ.

ಸಿರಾಜ್ ವಿಷಯದಲ್ಲಿ ಎಡವಟ್ಟು ಆ ಕಾರ್ಡಿನದು. ಆ ಸಲದ ನಿಯಮದಲ್ಲಿ ಹಳೆಯ ತಂಡ ಕಾರ್ಡ್ ಎತ್ತಿದರೆ, ಕೊನೆಗೆ ಕೂಗಿದ ತಂಡ ಇನ್ನೊಂದು ಸಲ ದರ ಏರಿಸಬಹುದಿತ್ತು. ದೆಹಲಿಯ ಹಳೆಯ ಆಟಗಾರ ಪಂತ್ ವಿಷಯದಲ್ಲಿ ಆದದ್ದು ಇದೇ. 20.75 ಕೋಟಿಗೆ ದೆಹಲಿ ಕಾರ್ಡ್ ಎತ್ತಿತು, ಲಖನೌ ಒಂದೇ ಏಟಿಗೆ 27 ಅಂದಿತು, ದೆಹಲಿ ಕೆಳಗೆ ಕೂತಿತು. ಆದ್ದರಿಂದ "12.25ಕ್ಕ ಸುಮ್ಕ ವಾಪಸ್ ತಗೋಬೇಕಿತ್ತು" ಎನ್ನುವ ಮಾತೇ ತಪ್ಪು. 12.25 ಎನ್ನುವುದು ಕಾರ್ಡ್ ಎತ್ತದಿದ್ದಾಗಿನ ದರ, ಎತ್ತಿದ್ದರೆ ಎಷ್ಟಾಗುತ್ತಿತ್ತೋ ಬಲ್ಲವರಿಲ್ಲ. ಮರುದಿನ ಇನ್ನೊಬ್ಬ ವೇಗದ ಬೌಲರ್ ಭುವನೇಶ್ವರ್ 10.75ಕ್ಕೆ ಬಂದ.

ಹೀಗೆ ಹೇಳುವುದು ಈಗ ಸುಲಭ. 2025ರ ಏಪ್ರಿಲ್ 2ರಂದು ಇದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವತ್ತು ಚಿನ್ನಸ್ವಾಮಿಯಲ್ಲಿ ಸಿರಾಜ್ 19 ರನ್ನಿಗೆ 3 ವಿಕೆಟ್ ಕಿತ್ತು ಗುಜರಾತ್‌ಗೆ ಪಂದ್ಯ ಗೆಲ್ಲಿಸಿದ. ಎಂಟೇ ದಿನಕ್ಕೆ, ಏಪ್ರಿಲ್ 10ರಂದು, ಅದೇ ಅಂಗಳದಲ್ಲಿ ರಾಹುಲ್ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವರ್ತುಲ ಎಳೆದು, ಇದು ನನ್ನ ಅಂಗಳ ಎಂದು ಸನ್ನೆ ಮಾಡಿದ. ಆ ವರ್ತುಲವನ್ನು ನೋಡಿ ಬೈದವರೂ ಇದ್ದರು, ಚಪ್ಪಾಳೆ ಹೊಡೆದವರೂ ಇದ್ದರು. ಬಹಳಷ್ಟು ಜನ ಎರಡನ್ನೂ ಮಾಡಿದರು. ಬಿಟ್ಟುಕೊಟ್ಟ ಎತ್ತು ಮಂದಿಯ ಬಂಡಿಗೆ ಹೂಡಿಕೊಂಡು ನಮ್ಮ ಮನೆ ಮುಂದೆಯೇ ಹಾದುಹೋದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಅದೇ ಸಾಲಿನಲ್ಲಿ ಆರ್‌ಸಿಬಿ ಹೊರಗಿನ ಅಂಗಳದ ಏಳು ಲೀಗ್ ಪಂದ್ಯಗಳಲ್ಲಿ ಏಳನ್ನೂ ಗೆದ್ದಿತು ಎನ್ನುವುದನ್ನು ಕಟ್ಟೆಯ ಮೇಲೆ ಎಣಿಸಿದವರು ಕಡಿಮೆ. ಚಿನ್ನಸ್ವಾಮಿಯ ಸಣ್ಣ ಬೌಂಡರಿಯ ಮಾನಕ್ಕಷ್ಟೇ ತಂಡ ಕಟ್ಟುವ ಹಳೆಯ ಚಟ ಬಿಟ್ಟು, ಯಾವ ಅಂಗಳದಲ್ಲಾದರೂ ಕೊನೆಯ ಓವರ್ ಹಾಕಬಲ್ಲ ಇಬ್ಬರು ಬೌಲರ್‌ಗಳಿಗೆ 23.25 ಕೋಟಿ ಸುರಿದದ್ದರ ಫಲ ಅದು.

ಮಿಕ್ಕ ರೊಕ್ಕದ ಆಟಗಾರರು

ಪೂರ್ತಿ ಪಟ್ಟಿ ಹಿಡಿದು ಕೂಡಿಸಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಆರ್‌ಸಿಬಿ ಆ ಎರಡು ದಿನದಲ್ಲಿ ಕೊಂಡದ್ದು 19 ಮಂದಿಯನ್ನು, 82.25 ಕೋಟಿಗೆ. ಮೇಲಿನ ಐವರಿಗೇ 54.50. ಉಳಿದ 14 ಮಂದಿಗೆ 27.75. ಈ ಹದಿನಾಲ್ಕರಲ್ಲಿ ಕೃಣಾಲ್ ಪಾಂಡ್ಯ 5.75, ಡೇವಿಡ್ 3, ಸುಯಶ್ 2.60, ಪಡಿಕ್ಕಲ್ 2, ರೊಮಾರಿಯೊ ಶೆಫರ್ಡ್ 1.50. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬನ್ನು ಆರು ರನ್ನಿನಿಂದ ಕಟ್ಟಿಹಾಕಿದಾಗ ನಾಲ್ಕು ಓವರಿಗೆ 17 ರನ್ ಕೊಟ್ಟು 2 ವಿಕೆಟ್ ಪಡೆದು ಪಂದ್ಯಶ್ರೇಷ್ಠನಾದವನು ಕೃಣಾಲ್. ಮೊದಲ ಕ್ವಾಲಿಫೈಯರ್‌ನಲ್ಲಿ ಅದೇ ಪಂಜಾಬನ್ನು 101ಕ್ಕೆ ಕೆಡವುವಾಗ ಸುಯಶ್‌ಗೆ 17 ರನ್ನಿಗೆ 3. ಚೆನ್ನೈ ವಿರುದ್ಧ ಶೆಫರ್ಡ್ 14 ಎಸೆತಕ್ಕೆ 53. 1.50 ಕೋಟಿಯ ಮನುಷ್ಯ!

"ಹಂಗಾದ್ರ ದೊಡ್ಡ ರೊಕ್ಕ ದಂಡ" ಎನ್ನುವ ತೀರ್ಮಾನಕ್ಕೆ ಹಾರಬೇಡಿ. ಅಗ್ಗದ ಆಟಗಾರ ಹತ್ತು ಪಂದ್ಯದಲ್ಲಿ ಒಂದು ಗೆಲ್ಲಿಸಿದರೂ ಬರೊಬ್ಬರಿ, ಏಕೆಂದರೆ ಅವನು ಸೋತರೆ ಜಾಗಕ್ಕೆ ಇನ್ನೊಬ್ಬನನ್ನು ಹಾಕಬಹುದು. 12.50 ಕೋಟಿಯ ಹೇಜಲ್‌ವುಡ್‌ನನ್ನು ಕೂರಿಸಲಾಗುವುದಿಲ್ಲ, ಅವನು ಪ್ರತಿ ಪಂದ್ಯಕ್ಕೂ ಲೆಕ್ಕಕ್ಕೆ ಬರಲೇಬೇಕು. 22 ವಿಕೆಟ್ ತೆಗೆದು ಬಂದ ಕೂಡ. ದೊಡ್ಡ ದರ ಕೊಡುವುದು ಏರಿಳಿತವಿಲ್ಲದ ಆಟಕ್ಕೆ. ಮಿಂಚಿಗೆ ಸಣ್ಣ ದರ ಸಾಕು. ಕಟ್ಟೆಯ ಮೇಲೆ ಇದು ತಲೆಕೆಳಗಾಗಿ ನಿಲ್ಲುತ್ತದೆ: ದೊಡ್ಡ ದರದವನಿಂದ ಮಿಂಚು ಬಯಸುತ್ತೇವೆ, ಸಣ್ಣ ದರದವನು ಒಮ್ಮೆ ಮಿಂಚಿದರೆ ಅವನನ್ನು ಕಾಯಂ ಮಾಡಿ ಎಂದು ಹಟ ಹಿಡಿಯುತ್ತೇವೆ.

ಇನ್ನು ವಿದೇಶಿಯರ ಲೆಕ್ಕ. ತಂಡದಲ್ಲಿ ಎಂಟು, ಕಣದಲ್ಲಿ ನಾಲ್ಕು. ಸಾಲ್ಟ್, ಡೇವಿಡ್, ಶೆಫರ್ಡ್, ಹೇಜಲ್‌ವುಡ್ ಎಂದು ಬೆರಳು ಮಡಚಿದರೆ ಕೈ ತುಂಬಿತು, ಲಿವಿಂಗ್‌ಸ್ಟೋನ್‌ಗೆ ಜಾಗ ಬೇಕಾದರೆ ಒಂದು ಬೆರಳು ಬಿಚ್ಚಬೇಕು. "ಎನ್‌ಗಿಡಿನೂ ಆಡಸ್ರಿ, ತುಷಾರನೂ ಆಡಸ್ರಿ" ಎಂದು ಇನ್ನಿಬ್ಬರು ವಿದೇಶಿ ಬೌಲರ್‌ಗಳ ಹೆಸರು ಹೇಳುವವರಿಗೆ ಈ ಬೆರಳೆಣಿಕೆ ನೆನಪಿರುವುದಿಲ್ಲ. 8.75 ಕೋಟಿಯ ಲಿವಿಂಗ್‌ಸ್ಟೋನ್‌ನನ್ನು ಮರುವರ್ಷ ಬಿಟ್ಟರು.

ದರ ಅನ್ನುವುದು ಆಟಗಾರನ ಮೈಮೇಲೆ ಬರೆದಿಟ್ಟದ್ದಲ್ಲ ಎನ್ನುವುದಕ್ಕೆ ವೆಂಕಟೇಶ್ ಅಯ್ಯರ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಜೆಡ್ಡಾದಲ್ಲಿ ಇದೇ ಆರ್‌ಸಿಬಿ ಅವನಿಗೆ 23.50 ಕೋಟಿವರೆಗೆ ಕೂಗಿತು, ಕೋಲ್ಕತ್ತ 23.75 ಅಂದಾಗ ಸುಮ್ಮನಾಯಿತು. ಒಂದು ವರ್ಷದ ನಂತರ, 2025ರ ಡಿಸೆಂಬರಿನಲ್ಲಿ ಅಬುಧಾಬಿಯ ಸಣ್ಣ ಹರಾಜಿನಲ್ಲಿ, ಅದೇ ಮನುಷ್ಯ ಅದೇ ಆರ್‌ಸಿಬಿಗೆ 7 ಕೋಟಿಗೆ ಸಿಕ್ಕ. ನಡುವಿನ ಸಾಲಿನಲ್ಲಿ ಅವನ ಆಟ ಕುಸಿದದ್ದು ಖರೆ. ಆದರೆ ಹದಿನಾರು ಮುಕ್ಕಾಲು ಕೋಟಿಯಷ್ಟು ಕುಸಿಯಿತೇ? ಮೊದಲ ಸಲ ಇಬ್ಬರ ಚೀಲವೂ ತುಂಬಿತ್ತು, ಇಬ್ಬರಿಗೂ ಅವನಂಥ ಎಡಗೈ ಬ್ಯಾಟರ್ ಬೇಕಿತ್ತು, ಕೋಲ್ಕತ್ತಕ್ಕೆ ಮನೆಯ ಮಗನನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. 25 ಲಕ್ಷದ ಹೆಜ್ಜೆಯಲ್ಲಿ ಏರುತ್ತ ಏರುತ್ತ ಯಾರೂ ಕೆಳಗೆ ನೋಡಲಿಲ್ಲ. ಎರಡನೇ ಸಲ ಆ ಹಟ ಹಿಡಿಯುವವರು ಯಾರೂ ಇರಲಿಲ್ಲ. ಬೆಲ್ಲದ ಸವಾಲಿನಲ್ಲೂ ಇಬ್ಬರು ಸಾವ್ಕಾರರ ನಡುವೆ ಹಳೇ ಜಿದ್ದು ಇದ್ದ ದಿನ ದರ ಹೀಗೇ ಹೋಗುತ್ತದೆ. ಅದನ್ನು ಬೆಲ್ಲದ ಗುಣ ಎಂದು ಯಾರೂ ಹೇಳುವುದಿಲ್ಲ. ಅದೇ ಅಬುಧಾಬಿಯಲ್ಲಿ ಕೋಲ್ಕತ್ತ ಕ್ಯಾಮರೂನ್ ಗ್ರೀನ್‌ಗೆ 25.20 ಕೋಟಿ ಕೊಟ್ಟಿತು. ಸಣ್ಣ ಹರಾಜಿನಲ್ಲಿ ಮಾಲು ಕಡಿಮೆ, ಒಬ್ಬಿಬ್ಬರ ಹತ್ತಿರ ಮಾತ್ರ ರೊಕ್ಕ ಹೆಚ್ಚು, ಹಾಗಾಗಿ ಒಬ್ಬನ ಮೇಲೆ ಎಲ್ಲ ಬೀಳುತ್ತದೆ. (ನಿಯಮದ ಪ್ರಕಾರ ವಿದೇಶಿ ಆಟಗಾರನ ಜೇಬಿಗೆ ಅದರಲ್ಲಿ 18 ಕೋಟಿ ಮಾತ್ರ, ಮಿಕ್ಕದ್ದು ಮಂಡಳಿಗೆ. ಚೀಲದಿಂದ ಮಾತ್ರ ಪೂರ್ತಿ ಹೋಗುತ್ತದೆ.) ದೊಡ್ಡ ಹರಾಜಿನ ದರವನ್ನು ಸಣ್ಣ ಹರಾಜಿನ ದರದ ಪಕ್ಕ ಇಟ್ಟು "ಇಂವಾ ಅಂವಗಿಂತ ಹೆಚ್ಚಿನಾಂವ" ಅನ್ನುವುದು ಸುಗ್ಗಿಯ ಜೋಳದ ದರವನ್ನು ಮಳೆಗಾಲದ ಜೋಳದ ದರಕ್ಕೆ ಹೋಲಿಸಿದ ಹಾಗೆ.

ಎಡಮೂಲೆ

ಕಬಡ್ಡಿಗೆ ಬಂದರೆ ನಮ್ಮವರಿಗೆ ಇನ್ನೂ ಚೆನ್ನಾಗಿ ತಿಳಿದಿರಬೇಕು. ಊರೂರಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ತೂಕ ಹಾಕಿಸಿ, ಹೊರಗಿನಿಂದ ಒಬ್ಬ ರೈಡರನ್ನು ರೊಕ್ಕ ಕೊಟ್ಟು ತರಿಸಿ, ಸೆಮಿಫೈನಲ್‌ನಲ್ಲಿ ಮುಗ್ಗರಿಸಿದ ತಂಡಗಳನ್ನು ನೋಡುತ್ತಲೇ ಬೆಳೆದವರು. ಆದರೂ ಬೆಂಗಳೂರು ಬುಲ್ಸ್ ಅಂದಕೂಡಲೇ ಬಾಯಿಗೆ ಬರುವುದು ರೈಡರ್‌ಗಳ ಹೆಸರು ಮಾತ್ರ.

ಅದಕ್ಕೆ ಕಾರಣ 2019ರ ಜನವರಿ 5. ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್, ಮುಂಬೈ. ವಿರಾಮದ ಹೊತ್ತಿಗೆ ಗುಜರಾತ್ ಮುಂದಿತ್ತು. ಆಮೇಲೆ ಪವನ್ ಸೆಹ್ರಾವತ್ ಒಬ್ಬನೇ ಹೋಗಿ ಹೋಗಿ ಬಂದ. 22 ಅಂಕ. ಬುಲ್ಸ್ 38, ಗುಜರಾತ್ 33. ಅವತ್ತು ಆ ಪಂದ್ಯ ನೋಡಿದವರ ಕಣ್ಣಲ್ಲಿ ಕಬಡ್ಡಿ ಎಂದರೆ ಒಬ್ಬ ರೈಡರ್ ಎಂದು ಅಚ್ಚಾಗಿ ಹೋಯಿತು. ಅದೇ ಪವನ್ ಬುಲ್ಸಿಗೆ ಬಂದದ್ದು 52.8 ಲಕ್ಷಕ್ಕೆ ಎನ್ನುವುದು ಮರೆತುಹೋಯಿತು. ಆ ದರಕ್ಕೆ ಬಂದದ್ದರಿಂದಲೇ ಉಳಿದ ಆರು ಜಾಗಕ್ಕೆ ರೊಕ್ಕ ಉಳಿದಿತ್ತು.

ಮುಂದಿನ ಕಥೆ ನೋಡಿ. 2022ರಲ್ಲಿ ತಂಡಕ್ಕೆ ಸಿಗುತ್ತಿದ್ದ ಚೀಲ 4.4 ಕೋಟಿ. ಅದರಲ್ಲಿ 2.26 ಕೋಟಿಯನ್ನು ತಮಿಳ್ ತಲೈವಾಸ್ ಪವನ್ ಒಬ್ಬನಿಗೆ ಕೊಟ್ಟಿತು, ಅರ್ಧಕ್ಕಿಂತ ಹೆಚ್ಚು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಗಿ ಇಡೀ ಆವೃತ್ತಿ ಕೂತ. ತಲೈವಾಸ್ ಮುಳುಗಬೇಕಿತ್ತು. ಬದಲಿಗೆ ನರೇಂದರ್ ಕಂಡೋಲಾ ಎಂಬ ಎಳೆಯ ಹುಡುಗ ರೈಡಿಂಗ್ ಹೊತ್ತ, ತಂಡ ಸೆಮಿಫೈನಲ್ ಮುಟ್ಟಿತು. ಮರುವರ್ಷ ಚೀಲ 5 ಕೋಟಿಯಾಯಿತು. ತೆಲುಗು ಟೈಟನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಿತು. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ತಂದಿತು. ಅವನು ನಿಲ್ಲುವುದು ಎಡಮೂಲೆಯಲ್ಲಿ, ಎದುರಿನ ರೈಡರನ್ನು ಹಿಡಿಯಲು. ಟೈಟನ್ಸ್ ಕಟ್ಟಕಡೆಯ ಸ್ಥಾನಕ್ಕೆ ಹೋಯಿತು, ಪಲ್ಟನ್ ಕಪ್ ಎತ್ತಿತು. ಆ ಪಲ್ಟನ್‌ಗೆ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಮರುವರ್ಷ ಶಾದ್ಲೂಯಿ 2.07 ಕೋಟಿಗೆ ಹರಿಯಾಣಕ್ಕೆ ಹೋದ, ಆ ಸಲ ಕಪ್ ಹರಿಯಾಣದ್ದು.

ದೊಡ್ಡ ರೊಕ್ಕ ಎರಡೂ ಕಡೆ ಹೋಗಿದೆ. ವ್ಯತ್ಯಾಸ ಮನೆಯಲ್ಲಿ ಕಟ್ಟಿದ ಎತ್ತುಗಳದ್ದು. ಪುಣೆಯವರ ಹತ್ತಿರ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್‌ರಂಥ, ತಾವೇ ಬೆಳೆಸಿದ ಹುಡುಗರು ಕಡಿಮೆ ದರಕ್ಕೆ ಉಳಿದಿದ್ದರು. ರೈಡಿಂಗ್ ತುಂಬಿತ್ತು, ಖಾಲಿ ಇದ್ದದ್ದು ಒಂದು ಮೂಲೆ, ಆ ಮೂಲೆಗೆ ಅರ್ಧ ಚೀಲ ಸುರಿದರು. ಟೈಟನ್ಸ್‌ನವರು ಅರ್ಧ ಚೀಲವನ್ನು ಒಬ್ಬ ರೈಡರ್‌ಗೆ ಸುರಿದು, ಅವನು ಔಟಾದಾಗ ಅವನನ್ನು ಜೀವಂತ ಮಾಡಿಸಿಕೊಳ್ಳುವವರನ್ನು ಕೊಳ್ಳಲು ಮರೆತರು. ಕಬಡ್ಡಿಯಲ್ಲಿ ಇದೇ ಮರ್ಮ. ಕ್ರಿಕೆಟ್‌ನಲ್ಲಿ ಔಟಾದವನು ಮುಗಿದ. ಕಬಡ್ಡಿಯಲ್ಲಿ ಔಟಾದವನನ್ನು ಉಳಿದವರು ಅಂಕ ಗಳಿಸಿ ಒಳಗೆ ತರಬೇಕು. ತರುವವರಿಲ್ಲದಿದ್ದರೆ 2.6 ಕೋಟಿ ಬೆಂಚಿನ ಮೇಲೆ ನೀರು ಕುಡಿಯುತ್ತ ಕೂತಿರುತ್ತದೆ.

"ಸೂಪರ್ ಟೆನ್ ಹೊಡದಾನ", ಅಂದರೆ ಒಂದೇ ಪಂದ್ಯದಲ್ಲಿ ರೈಡಿನಿಂದ ಹತ್ತು ಅಂಕ ತಂದ, ಎಂದು ಒಬ್ಬ ಹೇಳಿದರೆ ಕೇಳಬೇಕಾದ ಪ್ರಶ್ನೆ: ಎಷ್ಟು ರೈಡಿನಲ್ಲಿ? ಒಬ್ಬ 24 ರೈಡ್ ಮಾಡಿ 12 ಅಂಕ ತಂದು 5 ಸಲ ಹಿಡಿಸಿಕೊಂಡ ಎಂದಿಟ್ಟುಕೊಳ್ಳಿ. ಇನ್ನೊಬ್ಬ 12 ರೈಡಿಗೆ 8 ಅಂಕ, ಹಿಡಿಸಿಕೊಂಡದ್ದು ಒಮ್ಮೆ. ಹಿಡಿಸಿಕೊಂಡಾಗೆಲ್ಲ ಎದುರಿನವರಿಗೆ ಒಂದು ಅಂಕ, ಅವರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸೂಪರ್ ಟ್ಯಾಕಲ್ ಎಂದು ಎರಡು. ಬರೇ ಒಂದೊಂದೇ ಎಂದು ಹಿಡಿದರೂ ಇಬ್ಬರ ನಿವ್ವಳವೂ ಏಳು. ಆದರೆ ಎರಡನೆಯವನು 12 ರೈಡನ್ನು ಬೇರೆಯವರಿಗೆ ಉಳಿಸಿದ್ದಾನೆ, ಐದು ಸಲದ ಬದಲು ಒಂದೇ ಸಲ ಹೊರಗೆ ಕೂತಿದ್ದಾನೆ. ಕಟ್ಟೆಯ ಮೇಲೆ ಮಾತ್ರ ಮೊದಲನೆಯವನೇ ಹುಲಿ. ಇನ್ನೂ ಎರಡು ನೋಡಬೇಕು. ಅಂಕದಲ್ಲಿ ಬೋನಸ್ ಎಷ್ಟು? ಎದುರು ಕನಿಷ್ಠ ಆರು ಜನ ಇದ್ದಾಗ ಬೋನಸ್ ಗೆರೆ ದಾಟಿದರೆ ಮಾತ್ರ ಬೋನಸ್ ಸಿಗುತ್ತದೆ, ಅದರಿಂದ ಯಾರೂ ಔಟಾಗುವುದಿಲ್ಲ, ನಿಮ್ಮವರೂ ಒಳಗೆ ಬರುವುದಿಲ್ಲ. ಬೋನಸ್ಸಿನ ಮೇಲೇ ಬದುಕುವ ರೈಡರ್ ಅಂಕಪಟ್ಟಿಯಲ್ಲಿ ಉಬ್ಬುತ್ತಾನೆ, ಆಲೌಟ್ ಮಾಡಿಸುವುದಿಲ್ಲ. ಎರಡನೆಯದು ಮಾಡು ಇಲ್ಲವೆ ಮಡಿ ರೈಡಿಗೆ ಯಾರನ್ನು ಕಳಿಸುತ್ತಾರೆ ಎಂಬುದು. ಎರಡು ಖಾಲಿ ರೈಡಿನ ನಂತರದ ಆ ಮೂರನೆಯದಕ್ಕೆ ಹೋಗಿ ಬರುವ ಹುಡುಗನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಆದರೆ ಕೋಚ್ ಅವನನ್ನು ಬಿಡುವುದಿಲ್ಲ.

ಮೂಲೆಯವರ ಲೆಕ್ಕ ಇನ್ನೂ ಕಷ್ಟ. ಐದು ಟ್ಯಾಕಲ್ ಅಂಕ ಬಂದರೆ ಹೈ ಫೈವ್ ಎಂದು ಹಾಡಿ ಹೊಗಳುತ್ತಾರೆ, ತಪ್ಪಿದ ಹಿಡಿತ ಎಷ್ಟು ಎಂದು ಬರೆದುಕೊಳ್ಳುವುದಿಲ್ಲ. ಹೊತ್ತಿಗೆ ಮುಂಚೆ ಹಾರಿದ ಮೂಲೆಯವನು ತಾನೂ ಹೋಗುತ್ತಾನೆ, ಕೈ ಹಿಡಿದ ಜೋಡಿಯನ್ನೂ ಕರೆದುಕೊಂಡು ಹೋಗುತ್ತಾನೆ. ಎಡಮೂಲೆಯಲ್ಲಿ ನಿಂತು ಬೆಳೆದವನನ್ನು ಬಲಮೂಲೆಗೆ ಹಾಕಿದರೆ ಕಾಲು ಹಾಕುವ ಕೋನವೇ ಬದಲಾಗಿ ತಡವರಿಸುತ್ತಾನೆ. ಹೂಡುವ ಎತ್ತಿನ ಮಾತು ಇಲ್ಲಿ ಹೋಲಿಕೆಯಲ್ಲ, ಹೆಚ್ಚುಕಡಿಮೆ ಅದೇ.

ಬುಲ್ಸ್ 2024ರಲ್ಲಿ ಪರ್ದೀಪ್ ನರ್ವಾಲ್‌ನನ್ನು 70 ಲಕ್ಷಕ್ಕೆ ತಂದಾಗ ಬಾಗಲಕೋಟೆಯಿಂದ ಬೆಳಗಾವಿವರೆಗೆ ಡುಬ್ಕಿ ರಾಜ ಬಂದ ಎಂದು ಹಬ್ಬ. ಒಂದು ಕಾಲಕ್ಕೆ 1.65 ಕೋಟಿ ಬಾಳಿದವನು 70ಕ್ಕೆ ಸಿಕ್ಕನಲ್ಲ, ಅಗ್ಗ! ಆದರೆ ಹಲ್ಲು ಎಣಿಸಿರಲಿಲ್ಲ. ಹಿಡಿಯುವವರ ಕೈ ಕೆಳಗೆ ಬಗ್ಗಿ ನುಸುಳುವ ಡುಬ್ಕಿಗೆ ಬೇಕಾದದ್ದು ಸೊಂಟ, ಮೊಣಕಾಲು. ಬುಲ್ಸ್ ಆ ಸಲ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಮುಂದಿನ ಹರಾಜಿನಲ್ಲಿ ಪರ್ದೀಪ್‌ನನ್ನು ಯಾರೂ ಕೂಗಲಿಲ್ಲ, ನಿವೃತ್ತಿ ಹೇಳಿದ. ಅಂಥ ಆಟಗಾರ ಹಾಗೆ ಹೋದದ್ದು ಸಂಕಟದ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ. ಬುಲ್ಸ್ ರಮೇಶ್ ಅವರನ್ನು ಕೋಚ್ ಮಾಡಿಕೊಂಡಿತು. ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಎಂಬ, ನಮ್ಮ ಕಟ್ಟೆಯಲ್ಲಿ ಯಾರೂ ಹೆಸರು ಕೇಳಿರದ ಹುಡುಗ ಬಂದು ರೈಡಿಂಗ್ ಹೊತ್ತುಕೊಂಡ. ಅವನ ಹೆಸರನ್ನು ಸರಿಯಾಗಿ ಅನ್ನಲು ಕಲಿಯುವಷ್ಟರಲ್ಲಿ ಆವೃತ್ತಿ ಮುಗಿದಿತ್ತು. ಬೆಂಗಳೂರಿನದೆಂಬ ತಂಡ 2025ರಲ್ಲಿ ಬೆಂಗಳೂರಿನಲ್ಲೇ ಆಡಲಿಲ್ಲ ಎನ್ನುವುದು ಇನ್ನೊಂದು ಸಂಕಟ. ಪಂದ್ಯಗಳು ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಬೆಳಗಾವಿಯ ಹುಡುಗರು ಅರ್ಧಕ್ಕರ್ಧ ಪಲ್ಟನ್ ಕಡೆ ವಾಲಿದ್ದರೆ ಅವರನ್ನು ಬೈದು ಉಪಯೋಗವಿಲ್ಲ.

ಇಲ್ಲದ ತಂಡದ ಲೆಕ್ಕ

ನಮ್ಮದೇ ಅನ್ನುವ ತಂಡಗಳು ನಮಗೆ ಎರಡಿದ್ದವು. ಕರ್ನಾಟಕದ ಕ್ರಿಕೆಟ್ ಲೀಗ್ ಕೆಪಿಎಲ್‌ನಲ್ಲಿ 2015ರ ಕಪ್ ಬಿಜಾಪುರ ಬುಲ್ಸ್‌ದು, 2017ರದು ಬೆಳಗಾವಿ ಪ್ಯಾಂಥರ್ಸ್‌ದು, 2018ರದು ಮತ್ತೆ ಬಿಜಾಪುರದ್ದು. ನಾಲ್ಕು ವರ್ಷದಲ್ಲಿ ಮೂರು. 2019ರ ಫಿಕ್ಸಿಂಗ್ ಪ್ರಕರಣದ ನಂತರ ಆ ಲೀಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂದು ಹೊಸದಾಗಿ ಶುರುವಾದಾಗ ತಂಡಗಳು ಆರು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗಾ. ನಮ್ಮ ಮೂರು ಜಿಲ್ಲೆಗೆ ಏನೂ ಇಲ್ಲ. ಹುಬ್ಬಳ್ಳಿ ಟೈಗರ್ಸ್ ಅನ್ನು ನಮ್ಮದೆಂದು ಅಂದುಕೊಂಡಿದ್ದೇವೆ, ಹುಬ್ಬಳ್ಳಿಯವರು ಬೇಡ ಅಂದಿಲ್ಲ.

ಆಟಗಾರನ ಬೆಲೆ ಕಲಿಯಲು ಈ ಲೀಗಿನಂಥ ಶಾಲೆ ಇಲ್ಲ, ಏಕೆಂದರೆ ರೊಕ್ಕ ಲಕ್ಷದಲ್ಲಿದೆ, ನಮ್ಮ ತಲೆಗೆ ಹಿಡಿಯುತ್ತದೆ. 2025ರಲ್ಲಿ ತಂಡದ ಚೀಲ 50 ಲಕ್ಷ. ಆ ಸಲ ದೇವದತ್ತ ಪಡಿಕ್ಕಲ್‌ಗೆ ಹುಬ್ಬಳ್ಳಿ ಕೊಟ್ಟದ್ದು 13.20 ಲಕ್ಷ. ಅದೇ ಪಡಿಕ್ಕಲ್ ಆರ್‌ಸಿಬಿಗೆ 2 ಕೋಟಿ. ಯಾವುದು ಹೆಚ್ಚು? 120ರಲ್ಲಿ ಎರಡು ಎಂದರೆ ನೂರಕ್ಕೆ ಎರಡೂ ಇಲ್ಲ. 50ರಲ್ಲಿ 13.20 ಎಂದರೆ ನೂರಕ್ಕೆ 26. ಆರ್‌ಸಿಬಿಗೆ ಅವನು ಕೆಳಗಿನ ಸಾಲಿನ ಖರ್ಚು. ಗಾಯಗೊಂಡಾಗ ಮಯಾಂಕ್ ಅಗರ್‌ವಾಲ್‌ನನ್ನು 1 ಕೋಟಿಗೆ ಕರೆದು ಮುಂದೆ ನಡೆದರು. ಹುಬ್ಬಳ್ಳಿಗೆ ಅವನೇ ಕೊಹ್ಲಿ. ಜೊತೆಗೆ ಅಭಿನವ್ ಮನೋಹರ್‌ಗೆ 12.20 ಕೊಟ್ಟರು. ಇಬ್ಬರಿಗೇ 25.40, ಚೀಲದ ಅರ್ಧಕ್ಕಿಂತ ಮೇಲೆ. ಉಳಿದ ಅರ್ಧದಲ್ಲಿ ಹದಿನಾಲ್ಕು ಹದಿನೈದು ಮಂದಿ ಆಗಬೇಕು. ತಲೆಗೆ ಒಂದೂಮುಕ್ಕಾಲು ಲಕ್ಷ. ಇದು ಆರ್‌ಸಿಬಿ ಮಾಡಿದ್ದಕ್ಕಿಂತ ಟೈಟನ್ಸ್ ಮಾಡಿದ್ದಕ್ಕೆ ಹತ್ತಿರ ಎನ್ನುವುದು ನನ್ನ ಅಭಿಪ್ರಾಯ. ಹುಬ್ಬಳ್ಳಿಯ ಅಭಿಮಾನಿಗಳು ಒಪ್ಪಲಿಕ್ಕಿಲ್ಲ.

ಈಗ ಕಟ್ಟೆಯ ಮೇಲೆ ಒಂದು ಆಟ ಆಡಿಸಿ ನೋಡಿ. ನಾಳೆ ಬೆಳಗಾವಿಗೆ ತಂಡ ಕೊಟ್ಟರು ಎಂದಿಟ್ಟುಕೊಂಡು 50 ಲಕ್ಷದಲ್ಲಿ ಹದಿನಾರು ಮಂದಿಯನ್ನು ಕೊಳ್ಳಿ ಅನ್ನಿ. ಐದೇ ನಿಮಿಷದಲ್ಲಿ ಮೂವರು ಬ್ಯಾಟರ್‌ಗೆ 35 ಲಕ್ಷ ಹೋಗಿರುತ್ತದೆ. ನಾಲ್ಕನೆಯ ನಿಮಿಷಕ್ಕೇ ಬೆಳಗಾವಿಯವನು "ಸ್ಥಳೀಕರು ಬೇಕೋ ಬ್ಯಾಡೋ" ಎಂದು ಎದ್ದಿರುತ್ತಾನೆ. ಅವನಿಗೆ ಬೆಳಗಾವಿಯಿಂದ ಕರ್ನಾಟಕ ರಣಜಿ ತಂಡಕ್ಕೆ ಹೋದ ವೇಗದ ಬೌಲರ್ ರೋನಿತ್ ಮೋರೆ ನೆನಪು. ಬಾಗಲಕೋಟೆಯವನು ಸ್ಪಿನ್ನರ್ ಇಲ್ಲದೆ ಹೆಂಗ್ ಎಂದು ಏಳು ಲಕ್ಷ ಎಳೆದುಕೊಳ್ಳುತ್ತಾನೆ. ವಿಜಯಪುರದವನು ತಂಡದ ಹೆಸರಿನ ಮೇಲೇ ಇನ್ನೂ ತಕರಾರು ಬಿಟ್ಟಿರುವುದಿಲ್ಲ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಒಂದು ಹಾಳೆ ತೆಗೆದು ಹೆಸರು ಬರೆಯುವ ಮುಂಚೆ ಜಾಗ ಬರೆಯುವುದು. ಆರಂಭಿಕರು ಇಬ್ಬರು, ಅದರಲ್ಲಿ ಒಬ್ಬ ಎಡಗೈ. ಹದಿನಾರರಿಂದ ಇಪ್ಪತ್ತನೇ ಓವರಿಗೆ ಬ್ಯಾಟರ್ ಒಬ್ಬ, ಅದೇ ಓವರುಗಳಿಗೆ ಬೌಲರ್ ಇಬ್ಬರು. ಹೊಸ ಚೆಂಡಿಗೆ ಒಬ್ಬ. ಪ್ರತಿ ಜಾಗದ ಮುಂದೆ ಆ ಜಾಗಕ್ಕೆ ಸಿಗಬಹುದಾದ ಎರಡನೇ, ಮೂರನೇ ಆಟಗಾರನ ಹೆಸರು. ಮೂವರೂ ಒಂದೇ ಹದಕ್ಕಿದ್ದರೆ ಆ ಜಾಗಕ್ಕೆ ಕಾಯಬಹುದು, ದರ ತಾನೇ ಇಳಿಯುತ್ತದೆ. ಮೊದಲನೆಯವನಿಗೂ ಎರಡನೆಯವನಿಗೂ ಆನೆ ಆಡಿನ ಅಂತರವಿದ್ದರೆ ಅಲ್ಲಿ ಚೀಲ ಬಿಚ್ಚಬೇಕು.

ಹಾಳೆ ತುಂಬುತ್ತದೆ, ಎರಡನೇ ಸುತ್ತಿನ ಚಾ ಬರುತ್ತದೆ, ಲೆಕ್ಕ 48 ಲಕ್ಷಕ್ಕೆ ಮುಟ್ಟಿ ಎಲ್ಲರ ಮುಖದಲ್ಲೂ ಗೆಲುವು. ಆಗ ಗ್ಲಾಸು ತೊಳೆಯುತ್ತಿದ್ದ ಅಂಗಡಿಯ ಹುಡುಗ ತಲೆ ಎತ್ತಿ ಕೇಳುತ್ತಾನೆ:

"ಅಣ್ಣಾ, ಕೀಪರ್ ಯಾರು?"